ಮುಖಭಾವ ಮತ್ತು ಮನೋಭಾವ: ಶರಣಸಾಹಿತ್ಯದ ನಿಲುವು

ಮುಖವು ಮನಸ್ಸಿನ ಕನ್ನಡಿಯೆಂಬುದು ಲೋಕರೂಢಿಯ ಮಾತು. ಆದರೆ ಈ ಕನ್ನಡಿಯಲ್ಲಿ ತೋರುವುದೆಲ್ಲವೂ ದಿಟವೇ ಎಂಬ ಪ್ರಶ್ನೆಯನ್ನು ಹನ್ನೆರಡನೆಯ ಶತಮಾನದ ಶರಣರಷ್ಟು ನಿಷ್ಠುರವಾಗಿ ಕೇಳಿದವರು ವಿರಳ. ವಚನಕಾರರು ಭಾವೋದ್ವೇಗವನ್ನು ಅಲ್ಲಗಳೆದರೆಂದು ಕೆಲವರು ಹೇಳುತ್ತಾರೆ. ಕಂಬನಿ, ರೋಮಾಂಚನಗಳೇ ಭಕ್ತಿಯ ಲಕ್ಷಣವೆಂದು ಸಾರಿದರೆಂದು ಮತ್ತೆ ಕೆಲವರು ಹೇಳುತ್ತಾರೆ. ಇವೆರಡೂ ಅರ್ಧಸತ್ಯಗಳು.

ಭಾವವನ್ನು ಮುಖದಲ್ಲಿ ತೋರುವ ಬಗೆಯನ್ನು ಶಾಸ್ತ್ರವಾಗಿ ಕಟ್ಟಿದವನು ಭರತ. ನಾಟ್ಯಶಾಸ್ತ್ರವು 36 ಬಗೆಯ ದೃಷ್ಟಿಗಳನ್ನು ಎಣಿಸಿ, ಹುಬ್ಬು, ಮೂಗು, ಕೆನ್ನೆ, ತುಟಿಗಳ ಚಲನೆಗಳನ್ನು ಬೇರೆಬೇರೆಯಾಗಿ ವಿವರಿಸುತ್ತದೆ. ಸ್ವಾಭಾವಿಕ, ಪ್ರಸನ್ನ, ರಕ್ತ, ಶ್ಯಾಮ ಎಂಬ 4 ಮುಖರಾಗಗಳನ್ನು ಹೇಳಿ, ಅವಿಲ್ಲದ ಅಭಿನಯಕ್ಕೆ ಶೋಭೆಯಿಲ್ಲವೆನ್ನುತ್ತದೆ. ಸ್ತಂಭ, ಸ್ವೇದ, ರೋಮಾಂಚ, ಅಶ್ರು ಮೊದಲಾದ 8 ಸಾತ್ತ್ವಿಕ ಭಾವಗಳೂ ಅಲ್ಲಿವೆ. ಇವೆಲ್ಲವುಗಳ ಗುರಿ ಒಂದೇ: ನಟನ ಭಾವವು ಪ್ರೇಕ್ಷಕನನ್ನು ಮುಟ್ಟಬೇಕು.

ವಚನದಲ್ಲಿ ಪ್ರೇಕ್ಷಕನಿಲ್ಲ. ಅಲ್ಲಿರುವುದು ಭಕ್ತ ಮತ್ತು ಅವನ ಇಷ್ಟದೈವ. ಆದ್ದರಿಂದ ಭಾವವು ಹೇಗೆ ತೋರಬೇಕೆಂಬ ಪ್ರಶ್ನೆ ಹಿಂದೆ ಸರಿದು, ತೋರಿದ ಭಾವ ಒಳಗಿನದೋ ಅಲ್ಲವೋ ಎಂಬ ಪ್ರಶ್ನೆ ಮುಂದೆ ಬರುತ್ತದೆ. ಬಸವಣ್ಣನವರು ಅತ್ತಿಯ ಹಣ್ಣಿನ ಉಪಮೆಯನ್ನು ಬಳಸಿರುವುದು ಈ ಸಂದರ್ಭದಲ್ಲಿ ಗಮನಾರ್ಹ. ಹೊರಗೆ ನುಣುಪಾಗಿದ್ದು ಒಳಗೆ ಹುರುಳಿಲ್ಲದ ಆ ಹಣ್ಣಿಗೆ ಅವರು ಹೋಲಿಸುವುದು ಪರರ ಚಿತ್ತವನ್ನಲ್ಲ, ತಮ್ಮ ಚಿತ್ತವನ್ನೇ. ಸಿಂದಗಿ ಸೀಮೆಯವರಾದ ಎಂ. ಎಂ. ಕಲಬುರ್ಗಿಯವರು (1938-2015) ಸಂಪಾದಿಸಿದ ಬಸವಣ್ಣನವರ ವಚನಸಂಪುಟವನ್ನು ಓದಿದವರಿಗೆ ಈ ಆತ್ಮಪರೀಕ್ಷೆಯ ಧಾಟಿ ಮತ್ತೆ ಮತ್ತೆ ಎದುರಾಗುತ್ತದೆ.

ಹಾಗೆಂದು ಅವರು ಮುಖಭಾವವನ್ನೇ ತಿರಸ್ಕರಿಸಲಿಲ್ಲ. ಮನೆಗೆ ಬಂದವರನ್ನು ಆದರದಿಂದ ಮಾತನಾಡಿಸದವನನ್ನು ಅವರು ಕಟುವಾಗಿ ಖಂಡಿಸಿದ್ದಾರೆ. ಒಳಗೆ ಪ್ರೀತಿಯಿದೆಯೆಂದು ಹೇಳಿಕೊಂಡು ಹೊರಗೆ ಮೋರೆ ಗಂಟಿಕ್ಕಿಕೊಂಡಿರುವುದೂ ಅವರಿಗೆ ಒಪ್ಪಿಗೆಯಿಲ್ಲ. ಒಳಹೊರಗುಗಳು ಒಂದಾಗಬೇಕೆಂಬುದೇ ಅವರ ಆಶಯ.

ಷಟ್‌ಸ್ಥಲ ಶಾಸ್ತ್ರವು ಈ ಆಶಯಕ್ಕೆ ತಾತ್ತ್ವಿಕ ರೂಪ ಕೊಟ್ಟಿದೆ. ಅಲ್ಲಿ ‘ಮುಖ’ವೆಂಬ ಶಬ್ದಕ್ಕೆ ತೋರಿಕೆಯ ಅರ್ಥವೇ ಇಲ್ಲ. ಆಚಾರಲಿಂಗಕ್ಕೆ ಘ್ರಾಣ, ಗುರುಲಿಂಗಕ್ಕೆ ಜಿಹ್ವೆ, ಶಿವಲಿಂಗಕ್ಕೆ ನೇತ್ರ, ಜಂಗಮಲಿಂಗಕ್ಕೆ ತ್ವಕ್ಕು, ಪ್ರಸಾದಲಿಂಗಕ್ಕೆ ಶ್ರೋತ್ರ, ಮಹಾಲಿಂಗಕ್ಕೆ ಹೃದಯ, ಹೀಗೆ 6 ಮುಖಗಳು. ಇವು ಅರ್ಪಣೆಯ ದ್ವಾರಗಳು. ನಾಟ್ಯದಲ್ಲಿ ಕಣ್ಣು ಭಾವವನ್ನು ಹೊರಸೂಸಿದರೆ, ಇಲ್ಲಿ ಅದೇ ಕಣ್ಣು ಕಂಡುದನ್ನು ಲಿಂಗಕ್ಕೆ ಒಪ್ಪಿಸುತ್ತದೆ. ಹೃದಯವನ್ನೂ ಒಂದು ಮುಖವೆಂದು ಎಣಿಸಿದುದರಲ್ಲಿಯೇ ಶರಣರ ವೈಶಿಷ್ಟ್ಯವಿದೆ.

ಹಾಗಾದರೆ ಹರಿಹರನ ‘ಬಸವರಾಜದೇವರ ರಗಳೆ’ಯಲ್ಲಿ ಬರುವ ಕಂಬನಿಯನ್ನು ಏನೆನ್ನಬೇಕು? ಬಾಗೇವಾಡಿಯನ್ನು ತೊರೆದು ಕೂಡಲಸಂಗಮಕ್ಕೆ ಬಂದ ಬಸವಣ್ಣನಿಗೆ, ಮಂಗಳವಾಡಕ್ಕೆ ಹೋಗೆಂದು ಸಂಗಮನಾಥನು ಕನಸಿನಲ್ಲಿ ಅಪ್ಪಣೆ ಮಾಡಿದಾಗ, ಅಗಲಿಕೆಯ ದುಃಖ ಉಕ್ಕಿಬರುತ್ತದೆ. ಕವಿ ಆ ಶೋಕವನ್ನು ಬಚ್ಚಿಡುವುದಿಲ್ಲ. ಆದರೆ ಮೆಚ್ಚಿಸಬೇಕಾದ ಸಭೆ ಅಲ್ಲಿಲ್ಲ; ಆದುದರಿಂದಲೇ ಅದು ಅಭಿನಯವಲ್ಲ, ಅನುಭವ. ಕೊನೆಗೆ ನಂದಿಯ ಮುಖದಿಂದಲೇ ಲಿಂಗವು ಪ್ರಾಪ್ತವಾಗುವುದು ಅರ್ಥಪೂರ್ಣವಾಗಿದೆ.

ಜನಪದರ ದೃಷ್ಟಿ ಇನ್ನೂ ಒಂದು ಬಗೆಯದು. ಹಿಂದೆ ಇಂಡಿ ತಾಲೂಕಿಗೆ ಸೇರಿದ್ದ ಹಲಸಂಗಿಯ ಗೆಳೆಯರು, ಎಂದರೆ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದವರು, ‘ಗರತಿಯ ಹಾಡು’ ಸಂಕಲನವನ್ನು 1931ರಲ್ಲಿ ಬೆಳಕಿಗೆ ತಂದರು. ಉತ್ತರ ಕರ್ನಾಟಕದ ತಾಯಂದಿರ ಪ್ರಸಿದ್ಧ ತ್ರಿಪದಿಯೊಂದು ಅಳುವ ಕೂಸಿನ ತುಟಿಯಲ್ಲಿ ಹವಳವನ್ನೂ, ಹುಬ್ಬಿನಲ್ಲಿ ಬೇವಿನೆಲೆಯನ್ನೂ, ನೋಟದಲ್ಲಿ ಶಿವನ ಆಯುಧದ ಹೊಳಪನ್ನೂ ಕಾಣುತ್ತದೆ. ಭರತನು ವಿಂಗಡಿಸಿದ ಅಂಗಗಳೇ ಇಲ್ಲಿಯೂ ಇವೆ. ಆದರೆ ಅವನ್ನು ಓದುತ್ತಿರುವುದು ಶಾಸ್ತ್ರವಲ್ಲ, ವಾತ್ಸಲ್ಯ.

ಆಧುನಿಕ ವಿಜ್ಞಾನವೂ ಈ ಚರ್ಚೆಗೆ ಹೊರತಲ್ಲ. ಮನುಷ್ಯ ಮತ್ತು ಪ್ರಾಣಿಗಳ ಭಾವಪ್ರಕಟಣೆಯನ್ನು ಕುರಿತು ಡಾರ್ವಿನ್ 1872ರಲ್ಲಿಯೇ ಗ್ರಂಥ ರಚಿಸಿದನು. ಮುಖಚಲನೆಯೊಂದರಿಂದಲೇ ಒಳಗಿನ ಭಾವವನ್ನು ಖಚಿತವಾಗಿ ತಿಳಿಯಲಾಗದೆಂದು ಲೀಸಾ ಫೆಲ್ಡ್‌ಮನ್ ಬ್ಯಾರೆಟ್ ಮತ್ತು ಸಂಗಡಿಗರು 2019ರ ಸಮೀಕ್ಷೆಯಲ್ಲಿ ತೋರಿಸಿದ್ದಾರೆ. ಸಂದರ್ಭ, ಸಂಸ್ಕೃತಿಗಳನ್ನೂ ನೋಡಬೇಕೆನ್ನುತ್ತಾರೆ. ಶರಣರು ಇದಕ್ಕೆ ಮತ್ತೊಂದನ್ನು ಸೇರಿಸುತ್ತಾರೆ: ನಡೆಯನ್ನು ನೋಡಬೇಕು.

ವೇದಿಕೆಯ ಮೇಲೆ ವಚನ ಹಾಡುವವರ ಕಣ್ಣು ತೇವಗೊಂಡರೆ ಅದು ತಪ್ಪಲ್ಲ. ವೇದಿಕೆಯಿಂದಿಳಿದ ಮೇಲೆ ಬಾಗಿಲಿಗೆ ಬಂದ ಬಡವನನ್ನು ಕಾಣುವಾಗ ಅದೇ ಕಣ್ಣು ಏನು ಹೇಳುತ್ತದೆಂಬುದೇ ಮುಖ್ಯ. ಮುದ್ದೇಬಿಹಾಳ ತಾಲೂಕಿನ ತಂಗಡಗಿಯಲ್ಲಿ, ಕೃಷ್ಣೆಯ ತಡಿಯಲ್ಲಿ, ನೀಲಮ್ಮನವರ ಐಕ್ಯಸ್ಥಳವಿದೆ. ಆ ತಾಯಿಯ ದುಃಖದ ಅಳತೆ ಸುರಿಸಿದ ಕಣ್ಣೀರಲ್ಲ, ಬದುಕಿದ ನಿಷ್ಠೆ. ಮುಖದ ಭಾವಕ್ಕೆ ಬಾಳೇ ಸಾಕ್ಷಿಯಾದಾಗ ಕನ್ನಡಿಯಲ್ಲಿ ಕಂಡುದು ದಿಟವಾಗುತ್ತದೆ.