ನಡುವೇ ಇಲ್ಲದ ಸಿಸಿಲಿ

ಮೊನ್ನೆ ಗೆಳೆಯನೊಬ್ಬ ಎಕ್ಸೆಲ್ ಶೀಟ್ ಕಳಿಸಿ, “ಒಂದ್ಸಲ ನೋಡಿ ಹೇಳೋ, ಏನಾದ್ರೂ ಬಿಟ್ಟೋಗಿದ್ಯಾ” ಅಂದ. ಫೈಲಿನ ಹೆಸರು ‘ಸಿಸಿಲಿ 7 ಡೇಸ್ ಫೈನಲ್ 4’. ಅಂದ್ರೆ ಮೂರು ಫೈನಲ್‌ಗಳು ಆಗಲೇ ತೀರಿಕೊಂಡಿವೆ. ಪಲೆರ್ಮೊದಲ್ಲಿ ಇಳಿಯೋದು, ಕಾರು ಬಾಡಿಗೆಗೆ ತಗೊಳ್ಳೋದು, ಅಲ್ಲಿಂದ ತ್ರಾಪನಿ, ಅಗ್ರಿಜೆಂಟೊ, ರಗೂಸಾ, ಸಿರಾಕ್ಯೂಸ್, ತಾವೊರ್ಮಿನಾ, ಚೆಫಲು, ವಾಪಸ್ ಪಲೆರ್ಮೊ. ಏಳು ರಾತ್ರಿ, ಏಳು ಹಾಸಿಗೆ.

ನಮ್ಮ ತಲೆಮಾರು ಕಥೆ ಕವಿತೆಗಿಂತ ಹೆಚ್ಚು ಬರೆದಿರೋದು ಇಂಥ ಶೀಟ್‌ಗಳನ್ನೇ. ಹಾಗಾಗಿ ಇದಕ್ಕೂ ಒಂದು ವಿಮರ್ಶೆ ಸಲ್ಲಬೇಕು.

ಒಳ್ಳೇದನ್ನ ಮೊದಲು ಹೇಳ್ತೀನಿ. ಬರೆದವನು ಶ್ರಮಜೀವಿ. ನಮ್ಮ ಲೈಸೆನ್ಸ್ ಜೊತೆ ಅಂತರರಾಷ್ಟ್ರೀಯ ಪರ್ಮಿಟ್ ಬೇಕು ಅನ್ನೋದು ಗೊತ್ತು. ಹಳೇ ಊರುಗಳ ನಿರ್ಬಂಧಿತ ಬೀದಿಗೆ ಕಾರು ನುಗ್ಗಿಸಿದ್ರೆ ಕ್ಯಾಮೆರಾ ಹಿಡಿದು ದಂಡ ಬೀಳುತ್ತೆ ಅನ್ನೋದೂ ಗೊತ್ತು. ಮಧ್ಯಾಹ್ನ ಎಷ್ಟೋ ಅಂಗಡಿಗಳು ಬಾಗಿಲು ಹಾಕ್ತವೆ ಅನ್ನೋದು ಮಾತ್ರ ಗೊತ್ತಿಲ್ಲ.

ತೊಂದರೆ ಇರೋದು ಕ್ರಿಯಾಪದದಲ್ಲಿ. ಇಡೀ ಶೀಟ್‌ನಲ್ಲಿ ಇರೋದು ಒಂದೇ: ‘ಕವರ್ ಮಾಡೋದು’. ಡೇ 1, ಪಲೆರ್ಮೊ ಕವರ್. ಅದರೊಳಗೆ ಕಪೆಲ್ಲಾ ಪಲತಿನಾಗೆ 40 ನಿಮಿಷ. ಹನ್ನೆರಡನೇ ಶತಮಾನದಲ್ಲಿ ಎರಡನೇ ರೋಜರ್ ಅನ್ನೋ ನಾರ್ಮನ್ ದೊರೆ ಕಟ್ಟಿಸಿದ ಪ್ರಾರ್ಥನಾಲಯ ಅದು. ಗೋಡೆ ತುಂಬ ಬೈಜಾಂಟಿನ್ ಮೊಸಾಯಿಕ್, ಮೇಲೆ ಅರಬ್ ಶೈಲಿಯ ಮರದ ಚಾವಣಿ, ಅದರಲ್ಲಿ ಅರೇಬಿಕ್ ಬರಹ. ಒಂದು ಚರ್ಚಿನೊಳಗೆ! ಕತ್ತೆತ್ತಿ ಅದು ಕಣ್ಣಿಗೆ ಹೊಂದಿಕೊಳ್ಳೋಕೇ ಹೊತ್ತು ಬೇಕು. ನಮ್ಮೂರಲ್ಲಿ ಕವರ್ ಅಂದ್ರೆ ತರಕಾರಿ ಅಂಗಡೀಲಿ ಕೇಳೋ ಪ್ಲಾಸ್ಟಿಕ್ ಚೀಲ. ಆ ಅರ್ಥವೇ ಇಲ್ಲಿ ಸರಿಹೋಗುತ್ತೆ: ತುಂಬ್ಕೊ, ಗಂಟು ಹಾಕು, ನಡಿ.

ಎರಡನೇ ತಕರಾರು ಆಕಾರದ್ದು. ಸಿಸಿಲಿ ಸುಮಾರು 25,700 ಚದರ ಕಿ.ಮೀ., ಅಂದ್ರೆ ಕೇರಳದ ಮೂರನೇ ಎರಡು ಭಾಗದಷ್ಟು. ಮೆಡಿಟರೇನಿಯನ್‌ನಲ್ಲೇ ಅತಿ ದೊಡ್ಡ ದ್ವೀಪ. ಶೀಟ್ ಪ್ರಕಾರ ಅದು ಒಂದು ಉಂಗುರ, ನಡುವೆ ತೂತು. ಪ್ರದಕ್ಷಿಣೆ ಹಾಕೋವಾಗ ನಡುವೆ ಗರ್ಭಗುಡಿ ಇದೆ ಅನ್ನೋ ನೆನಪಾದ್ರೂ ಇರುತ್ತೆ. ಇಲ್ಲಿ ಅದೂ ಇಲ್ಲ. (ಮ್ಯಾಪ್ ನೋಡಿದ್ರೆ ಇದು ಅಪ್ರದಕ್ಷಿಣೆ ಬೇರೆ.) ಆ ತೂತಿನಲ್ಲಿ ಏನಿದೆ? ಗೋಧಿ ಬೆಟ್ಟಗಳು. ಹತ್ತೊಂಬತ್ತನೇ ಶತಮಾನದಲ್ಲಿ ಜಗತ್ತಿನ ಗಂಧಕದ ಬಹುಪಾಲನ್ನು ಕೊಟ್ಟ, ಮಕ್ಕಳ ಬೆನ್ನ ಮೇಲೆ ಅದನ್ನು ಹೊರಿಸಿದ ಗಣಿಗಳು. ಪಿಯಾತ್ಸಾ ಆರ್ಮೆರಿನಾ ಹತ್ತಿರ ನಾಲ್ಕನೇ ಶತಮಾನದ ರೋಮನ್ ಬಂಗಲೆ, ಅದರಲ್ಲಿ ಸುಮಾರು 3,500 ಚದರ ಮೀಟರ್ ಮೊಸಾಯಿಕ್ ನೆಲ. ಜನ ವಲಸೆ ಹೋಗಿ ಖಾಲಿಯಾದ ಊರುಗಳು. ರೀಲ್ಸ್‌ನಲ್ಲಿ ಬರುತ್ತಲ್ಲ, 1 ಯೂರೋಗೆ ಮನೆ, ಅಂಥ ಮುಸ್ಸೊಮೆಲಿ ಇರೋದು ಇಲ್ಲೇ. ಕರಾವಳಿ ಯಾಕೆ ಅಷ್ಟು ಶ್ರೀಮಂತವಾಗಿತ್ತು ಅನ್ನೋದಕ್ಕೆ ಅರ್ಧ ಉತ್ತರ ಈ ನಡುವಿನಲ್ಲಿದೆ.

ಗೆಳೆಯನನ್ನೇ ಬೈದು ಪ್ರಯೋಜನವಿಲ್ಲ. ಈ ಕೃತಿಯ ಮೊದಲ ಓದುಗ ವೀಸಾ ಅಧಿಕಾರಿ. ಷೆಂಗೆನ್ ಅರ್ಜಿ ಜೊತೆ ಎಲ್ಲಿ ತಂಗ್ತೀವಿ, ಯಾವ ದಿನ ಎಲ್ಲಿರ್ತೀವಿ ಅನ್ನೋ ದಾಖಲೆ ಕೊಡಬೇಕು, 30,000 ಯೂರೋ ವಿಮೆ ಬೇರೆ. ಎರಡನೇ ಓದುಗ ರಜೆ ಕೊಡೋ ಮ್ಯಾನೇಜರ್. ಊರು ನೋಡೋಕೆ ಮುಂಚೆಯೇ ಅದರ ಬಗ್ಗೆ ಪ್ರಮಾಣಪತ್ರ ಬರೆದುಕೊಡೋರು ನಾವು. ಬರೆದಮೇಲೆ ಅದನ್ನೇ ನಂಬಿಬಿಡ್ತೀವಿ.

ನಾನೂ ನಂಬಿದ್ದೆ. ಕೆಲ ವರ್ಷಗಳ ಹಿಂದೆ ಇಂಥದ್ದೇ ಶೀಟ್ ಹಿಡಿದು ಹೋಗಿದ್ವಿ. ಐದನೇ ದಿನ ಮೋದಿಕಾದಲ್ಲಿ, ಸಕ್ಕರೆ ಹರಳು ಹಲ್ಲಿಗೆ ಸಿಗೋ ಅಲ್ಲಿನ ಚಾಕೊಲೇಟ್ ತಿಂತಾ ಮೆಟ್ಟಿಲ ಮೇಲೆ ಕೂತಿದ್ದಾಗ ಹೆಂಡತಿ ಕೇಳಿದ್ಳು, “ಇವತ್ತು ಇಲ್ಲೇ ಉಳಿಯೋಣ್ವಾ?” ಮುಂದಿನ ಹೋಟೆಲಿನ ಫ್ರೀ ಕ್ಯಾನ್ಸಲೇಷನ್ ಮುಗಿದಿದೆ ಅಂದೆ. ಅವಳು ಏನೂ ಹೇಳಲಿಲ್ಲ. ಕಾರಿನಲ್ಲೂ ಹೇಳಲಿಲ್ಲ. ರಾತ್ರಿ ಊಟದ ಹೊತ್ತಿಗೆ ನಾನು ಮರುದಿನದ ಪಾರ್ಕಿಂಗ್ ಹುಡುಕ್ತಿದ್ದೆ. ಆ ಟ್ರಿಪ್‌ನ ಸಾವಿರಗಟ್ಟಲೆ ಫೋಟೊಗಳಲ್ಲಿ ಅವಳು ಒಮ್ಮೆಯೂ ತೆರೆದು ನೋಡಿಲ್ಲ.

ಗಯಟೆ 1787ರಲ್ಲಿ ಸಿಸಿಲಿಗೆ ಹೋದಾಗ ಆರು ವಾರದ ಹತ್ತಿರ ಇದ್ದ. ಅಗ್ರಿಜೆಂಟೊ ತಲುಪಿದ ಮೇಲೆ ಸಿರಾಕ್ಯೂಸ್ ಬಿಟ್ಟು, ಗೋಧಿ ಬೆಳೆಯೋ ನಾಡು ನೋಡಬೇಕು ಅಂತ ನಡುವಿನ ದಾರಿ ಹಿಡಿದ. ಸುಖವಾಗೇನೂ ಇರಲಿಲ್ಲ: ಮಳೆ, ಕೆಟ್ಟ ವಸತಿ, ನೋಡಿದಷ್ಟೂ ಮುಗಿಯದ ಗೋಧಿ ಹೊಲಗಳಿಂದ ಬೇಸರ. ಅದನ್ನೂ ಬರೆದಿಟ್ಟ. ಒಳನಾಡು ‘ಹಿಡನ್ ಜೆಮ್’ ಅಂತ ನಾನೂ ಹೇಳ್ತಿಲ್ಲ. ಆದ್ರೆ ಸಿರಾಕ್ಯೂಸನ್ನೇ ಬಿಡೋ ಧೈರ್ಯ ನಮ್ಮ ಶೀಟ್‌ಗಳಲ್ಲಿ ಎಲ್ಲಿದೆ?

ಗೆಳೆಯನಿಗೆ ಹೇಳಿದ್ದು ಇಷ್ಟು. ಪಲೆರ್ಮೊದಲ್ಲಿ ಇಳಿ, ಕತಾನಿಯಾದಿಂದ ಹತ್ತು. ಹಾಸಿಗೆ ಎರಡೇ. ಮೊದಲ ನಾಲ್ಕು ರಾತ್ರಿ ಪಲೆರ್ಮೊ, ಕಾರು ಬೇಡ. ಅಗ್ರಿಜೆಂಟೊದ ಗ್ರೀಕ್ ದೇಗುಲಗಳನ್ನ ರೈಲಲ್ಲಿ ಹೋಗಿ ಅದೇ ದಿನ ವಾಪಸ್ ಬಂದು ನೋಡಬಹುದು. ಐದನೇ ದಿನ ಕಾರು ತಗೊಂಡು ದ್ವೀಪವನ್ನ ನಡುವೆ ಸೀಳಿಕೊಂಡು ಹೋಗು, ಎನ್ನಾ ಬೆಟ್ಟ ಹತ್ತು, ಮೊಸಾಯಿಕ್ ನೋಡು, ಕತ್ತಲಾಗೋದ್ರೊಳಗೆ ಸಿರಾಕ್ಯೂಸ್ ಸೇರು, ಅಲ್ಲೇ ಮೂರು ರಾತ್ರಿ ಉಳಿ. ತಾವೊರ್ಮಿನಾ ಬಿಡು. ‘ವೈಟ್ ಲೋಟಸ್’ನಲ್ಲಿ ನೋಡಿದ್ದೀಯಲ್ಲ.

ಎನ್ನಾ ಹತ್ತಿರದ ಪೆರ್ಗೂಸಾ ಕೆರೆ ಬಗ್ಗೆಯೂ ಹೇಳಿದ್ದೆ. ಹೂ ಕೀಳ್ತಿದ್ದ ಪೆರ್ಸೆಫೊನೆಯನ್ನ ಪಾತಾಳದ ದೊರೆ ಹೊತ್ತೊಯ್ದದ್ದು ಆ ಕೆರೆಯ ದಡದಿಂದ ಅಂತ ಕಥೆ. ಈಗ ಕೆರೆಯ ಸುತ್ತ ಕಾರ್ ರೇಸಿನ ಟ್ರ್ಯಾಕ್ ಇದೆ, ಸುಮಾರು 5 ಕಿ.ಮೀ. ಸುತ್ತು.

ನಿನ್ನೆ ಫೈನಲ್ 5 ಬಂತು. ಉಂಗುರ ಹಾಗೇ ಇದೆ. ಡೇ 4ರಲ್ಲಿ ಒಂದು ಸಾಲು ಹೊಸದು: ‘ಪೆರ್ಗೂಸಾ, ಕವರ್, 20 ನಿಮಿಷ.’