ಸೆಕೆಂಡ್ ಹ್ಯಾಂಡ್ ಸಿಯಾಜ್

2014ರಲ್ಲಿ ಬಂದ ಮಾರುತಿ ಸಿಯಾಜ್ ಈಗ ಹೊಸದಾಗಿ ಸಿಗುವುದಿಲ್ಲ. ಜನರೆಲ್ಲ ಎಸ್‌ಯುವಿ ಹಿಂದೆ ಬಿದ್ದರು, ಕಂಪನಿ 2025ರಲ್ಲಿ ನಿಲ್ಲಿಸಿತು. ಆದರೂ ಹಳತು ಕೊಳ್ಳುವವರಿಗೆ ಇದರಲ್ಲಿ ಲಾಭವಿದೆ. 510 ಲೀಟರಿನ ಡಿಕ್ಕಿಯಲ್ಲಿ ಮದುವೆಗೆ ಹೊರಟ ಮನೆಯವರ ಪೆಟ್ಟಿಗೆಗಳೆಲ್ಲ ಹಿಡಿಯುತ್ತವೆ. ಹಿಂದಿನ ಸೀಟಿನಲ್ಲಿ ಕಾಲು ಚಾಚಿಯೇ ಕೂರಬಹುದು. ಕಾರ್ಕಳದಿಂದ ಮಣಿಪಾಲದ ಆಸ್ಪತ್ರೆಗೆ ಹಿರಿಯರನ್ನು ಕರೆದೊಯ್ಯುವವರಿಗೆ ಅದರ ಬೆಲೆ ಗೊತ್ತು.

ಆದರೆ ಉಡುಪಿಯ ಕೆಎ-20 ನಂಬರಿನ ಕಾರು ನೋಡುವಾಗ ಮೀಟರಿಗಿಂತ ಮೊದಲು ತಳ ನೋಡಬೇಕು. ಕಾಪು ಕಡಲ ಬದಿಯಲ್ಲಿ ವರ್ಷಗಟ್ಟಲೆ ನಿಂತ ಗಾಡಿಯನ್ನು ಉಪ್ಪುಗಾಳಿ ಸುಮ್ಮನೆ ಬಿಟ್ಟೀತೇ? ಡಿಕ್ಕಿಯ ಮ್ಯಾಟ್ ಎತ್ತಿ, ಸ್ಟೆಪ್ನಿ ತೆಗೆದು, ಆ ಗುಂಡಿಯಲ್ಲಿ ಬೆರಳಾಡಿಸಿ. ಕೆಂಪು ಪುಡಿ ಅಂಟಿದರೆ, ಪೇಂಟ್ ಎಷ್ಟು ಹೊಳೆದರೂ ಬೇಡ. ಬಾಗಿಲ ಕೆಳಅಂಚಿನಲ್ಲಿ ನೀರು ಹೋಗುವ ತೂತುಗಳನ್ನೂ ನೋಡಿ. ಗ್ಲಾಸು ಏರಿಸಿ ಒಮ್ಮೆ ಮೂಸಿ. ಮಳೆಗಾಲದ ಮುಗ್ಗಲು ವಾಸನೆ ಯಾವ ಸೆಂಟಿಗೂ ಬಗ್ಗುವುದಿಲ್ಲ.

ಒಪ್ಪಿಗೆಯಾದರೆ ಹೆಸರು ವರ್ಗಾವಣೆಯ ಫಾರಂ 29, 30ಕ್ಕೆ ಸಹಿ ಹಾಕಿಸಿಕೊಳ್ಳಿ. ಸಾಲದ ಗಾಡಿಯಾದರೆ ಬ್ಯಾಂಕಿನ ಎನ್‌ಒಸಿ, ಫಾರಂ 35 ಕೈಗೆ ಬರುವ ತನಕ ಪೂರ್ತಿ ಹಣ ಕೊಡಬೇಡಿ.