ಇ-ಮೇಲ್ ಹಾದಿಯ ಲಾಗ್ ಕಡತ: ಒಂದು ಉಪಕರಣದ ವಿಮರ್ಶೆ

ಪತ್ರ ತಡವಾಗಿ ಬಂದರೆ ಲಕೋಟೆಯ ಮೇಲಿನ ಅಂಚೆ ಮುದ್ರೆಗಳನ್ನು ನೋಡಿ, ಅದು ಯಾವ ಊರಿನಲ್ಲಿ ಎಷ್ಟು ದಿನ ಕುಳಿತಿತ್ತೆಂದು ಹಿರಿಯರು ಲೆಕ್ಕ ಹಾಕುತ್ತಿದ್ದರು. ಇ-ಮೇಲ್ ಸರ್ವರ್‌ಗಳಲ್ಲಿಯೂ ಇಂಥ ಗುರುತುಗಳು ಉಳಿಯುತ್ತವೆ. ಆದರೆ ಸರ್ವರ್ ಬರೆದಿಡುವ ಲಾಗ್ ಕಡತಗಳೆಲ್ಲ ಒಂದೇ ಬಗೆಯವಲ್ಲ. ಈ ಭೇದವನ್ನು ಮರೆತು ತಪ್ಪು ತೀರ್ಮಾನಕ್ಕೆ ಬಂದವರಲ್ಲಿ ನಾನೂ ಒಬ್ಬ.

ಇಲ್ಲಿ ವಿಮರ್ಶೆಗೆ ತೆಗೆದುಕೊಂಡಿರುವುದು ಮೈಕ್ರೋಸಾಫ್ಟ್ ಎಕ್ಸ್‌ಚೇಂಜ್ ಸರ್ವರ್‌ನ 2007 ಮತ್ತು 2010ರ ಆವೃತ್ತಿಗಳ ಜೊತೆ ಬರುತ್ತಿದ್ದ ‘ರೌಟಿಂಗ್ ಲಾಗ್ ವ್ಯೂವರ್’ ಎಂಬ ತಂತ್ರಾಂಶವನ್ನು. ಹಿಂದಿನ ಆವೃತ್ತಿಗಳಲ್ಲಿದ್ದ ‘ವಿನ್‌ರೂಟ್’ನ ಜಾಗಕ್ಕೆ ಇದು ಬಂತು. 2013ರ ಆವೃತ್ತಿಯಲ್ಲಿ ಇದನ್ನೂ ಕೈಬಿಡಲಾಯಿತು. 2010ರ ಆವೃತ್ತಿಗೆ ತಯಾರಕರ ಬೆಂಬಲ 2020ರ ಅಕ್ಟೋಬರ್‌ನಲ್ಲಿ ಮುಗಿದಿದೆ. ನಮ್ಮಲ್ಲಿ ಅಂಥ ಒಂದು ಸರ್ವರನ್ನು ಹೊರಜಾಲಕ್ಕೆ ಸೇರಿಸದೆ, ಪಾಠಕ್ಕೆಂದೇ ಉಳಿಸಿಕೊಂಡಿದ್ದೇವೆ. ಸೇವೆಯಿಂದ ನಿವೃತ್ತವಾದ ಉಪಕರಣದ ವಿಮರ್ಶೆ ಈಗೇಕೆ ಎಂದು ಓದುಗರು ಕೇಳಬಹುದು. ಅದು ಹುಟ್ಟಿಸುವ ಭ್ರಮೆ ಇನ್ನೂ ನಿವೃತ್ತವಾಗಿಲ್ಲ.

ಮೊದಲು ಗುಣಗಳನ್ನು ಹೇಳಬೇಕು. ಸರ್ವರ್ ತನ್ನ ಸೇವೆಯನ್ನು ಆರಂಭಿಸಿದಾಗ ಹಾಗೂ ಜಾಲದ ರಚನೆಯಲ್ಲಿ ಬದಲಾವಣೆ ಕಂಡಾಗ, ತನಗೆ ತಿಳಿದ ಹಾದಿಗಳ ಪಟ್ಟಿಯನ್ನು ಎಕ್ಸ್‌ಎಂಎಲ್ ರೂಪದ ಕಡತವಾಗಿ ಬರೆದಿಡುತ್ತದೆ. ಅದನ್ನು ನೋಟ್‌ಪ್ಯಾಡಿನಲ್ಲಿ ತೆರೆದು ಓದುವುದು ಕಣ್ಣಿಗೆ ಶಿಕ್ಷೆ. ಈ ಉಪಕರಣ ಅದನ್ನೇ ತಾಣಗಳು, ಸರ್ವರ್‌ಗಳು, ಕಳುಹಿಸುವ ಕನೆಕ್ಟರ್‌ಗಳು, ವಿಳಾಸ ವ್ಯಾಪ್ತಿಗಳು ಎಂದು ವಿಂಗಡಿಸಿ ತೋರಿಸುತ್ತದೆ. ಎರಡು ಬೇರೆ ಬೇರೆ ವೇಳೆಯ ಕಡತಗಳನ್ನು ತೆರೆದು, ನಡುವೆ ಏನು ಬದಲಾಯಿತೆಂದು ಹೋಲಿಸಲೂಬಹುದು. ಪ್ರಯೋಗಾಲಯದಲ್ಲಿ ನಿನ್ನೆಯ ಓದಿಗೂ ಇಂದಿನ ಓದಿಗೂ ವ್ಯತ್ಯಾಸ ಹುಡುಕುವವರಿಗೆ ಇದರ ಬೆಲೆ ಗೊತ್ತು. ಇದನ್ನು ಕೈಬಿಟ್ಟದ್ದು ನಷ್ಟವೆಂದೇ ನನ್ನ ಅಭಿಪ್ರಾಯ.

ಹಾದಿ ಆಯ್ಕೆಯ ವಿಧಾನ ಭೌತವಿಜ್ಞಾನದ ವಿದ್ಯಾರ್ಥಿಗೆ ಪರಿಚಿತವೆನಿಸುತ್ತದೆ. ಅ, ಬ, ಕ ಎಂಬ ಮೂರು ತಾಣಗಳಿವೆ ಎನ್ನಿ. ಅ–ಬ ಕೊಂಡಿಯ ವೆಚ್ಚ 10, ಬ–ಕ ಕೊಂಡಿಯದು 10, ನೇರ ಅ–ಕ ಕೊಂಡಿಯದು 30. ಒಟ್ಟು ವೆಚ್ಚ ಕನಿಷ್ಠವಾಗಿರುವ ಹಾದಿ ಅ–ಬ–ಕ. ವೆಚ್ಚ ಸಮನಾದರೆ ಕಡಿಮೆ ಮಜಲುಗಳ ಹಾದಿಗೆ ಆದ್ಯತೆ. ತರಗತಿಯಲ್ಲಿ ಇದನ್ನು ಫರ್ಮಾ ತತ್ತ್ವಕ್ಕೆ ಹೋಲಿಸಿ ಹೇಳಿ, ನಾನೇ ಎಡವಿದ್ದೇನೆ. ಬೆಳಕು ಆ ಹಾದಿಯಲ್ಲಿ ನಿಜವಾಗಿ ಸಾಗುತ್ತದೆ. ಇಲ್ಲಿ ಪತ್ರ ಹಾಗೆ ಸಾಗಬೇಕೆಂದಿಲ್ಲ! ಈ ಆವೃತ್ತಿಗಳಲ್ಲಿ ಅ ತಾಣದ ಸರ್ವರ್ ಸಾಮಾನ್ಯವಾಗಿ ಕ ತಾಣದ ಸರ್ವರನ್ನೇ ನೇರವಾಗಿ ಸಂಪರ್ಕಿಸುತ್ತದೆ. ಕ ಸಿಗದಿದ್ದರೆ ಮಾತ್ರ ಕನಿಷ್ಠ ವೆಚ್ಚದ ಹಾದಿಯಲ್ಲಿ ಹಿಂದೆ ಸರಿದು, ಬ ತಾಣದಲ್ಲಿ ಪತ್ರವನ್ನು ಸರದಿಯಲ್ಲಿ ನಿಲ್ಲಿಸುತ್ತದೆ. ಬ ತಾಣವನ್ನು ಕಡ್ಡಾಯ ನಿಲ್ದಾಣವೆಂದು ಗುರುತು ಮಾಡಿದ್ದರೆ ಮಾತು ಬೇರೆ.

ಇನ್ನೊಂದು ತೊಡಕೂ ಇದೆ. 2000 ಮತ್ತು 2003ರ ಆವೃತ್ತಿಗಳ ಸರ್ವರ್‌ಗಳು ಕೊಂಡಿಗಳು ಸರಿಯಿವೆಯೇ, ಕಡಿದಿವೆಯೇ ಎಂಬ ಸುದ್ದಿಯನ್ನು ಪರಸ್ಪರ ಹಂಚಿಕೊಳ್ಳುತ್ತಿದ್ದವು. ವಿನ್‌ರೂಟ್ 691ನೆಯ ಪೋರ್ಟ್ ಮೂಲಕ ಆ ಸುದ್ದಿಯನ್ನು ಓದಿ ತೋರಿಸುತ್ತಿತ್ತು. 2007ರಲ್ಲಿ ಆ ಪದ್ಧತಿಯೇ ಹೋಯಿತು. ಪ್ರತಿ ಸರ್ವರ್ ಆಕ್ಟಿವ್ ಡೈರೆಕ್ಟರಿಯಲ್ಲಿರುವ ರಚನೆಯನ್ನು ನೋಡಿ ತಾನೇ ಹಾದಿ ಲೆಕ್ಕ ಹಾಕತೊಡಗಿತು. ಹಾಗಾಗಿ ಹೊಸ ಉಪಕರಣದಲ್ಲಿ ಕಾಣುವುದು ಯೋಜನೆ ಮಾತ್ರ. ಕೇಬಲ್ ಕಡಿದಿದ್ದರೂ ಅದರಲ್ಲಿ ಹಾದಿ ಹಾಗೆಯೇ ಇರುತ್ತದೆ. ನಾಲ್ಕು ವಿಭಾಗಗಳಲ್ಲಿ ಎಲ್ಲಿ ಹುಡುಕಿದರೂ ಒಂದೇ ಒಂದು ಪತ್ರದ ಸುಳಿವು ಸಿಗುವುದಿಲ್ಲ.

2012ರಲ್ಲಿ ಮೂರು ಕೇಂದ್ರಗಳಿದ್ದ ಸಂಸ್ಥೆಯೊಂದರಲ್ಲಿ ನಾನಿದ್ದೆ. ನಮ್ಮ ಕೇಂದ್ರದಿಂದ ಮೂರನೆಯ ಕೇಂದ್ರಕ್ಕೆ ಬೆಳಗ್ಗೆ ಕಳಿಸಿದ ಸಂಶೋಧನಾ ಪ್ರಸ್ತಾವ ನಾಲ್ಕು ಗಂಟೆ ತಡವಾಗಿ ತಲಪಿ, ಕೊನೆಯ ಗಡುವು ಮೀರಿತು. ವಿಚಾರಣೆಗೆ ಕುಳಿತವರ ಮುಂದೆ ರೌಟಿಂಗ್ ಲಾಗ್ ತೆರೆದಿಟ್ಟರು. ಹಾದಿ ನಡುವಿನ ಕೇಂದ್ರದ ಮೂಲಕ ಇತ್ತು. ಅಲ್ಲಿನ ಸರ್ವರ್ ನೋಡಿಕೊಳ್ಳುತ್ತಿದ್ದ ಕಿರಿಯ ಸಿಬ್ಬಂದಿಯೊಬ್ಬರಿಗೆ ಕಾರಣ ಕೇಳಿ ಜ್ಞಾಪನ ಹೋಯಿತು. ಕಳಿಸಿದವರಲ್ಲಿ ನನ್ನ ಸಹಿಯೂ ಇತ್ತು. ಅವರು ವಾದಕ್ಕೆ ಇಳಿಯಲಿಲ್ಲ. ತಲಪಿದ ಪತ್ರದ ತಲೆಬರಹವನ್ನು ಮುದ್ರಿಸಿ ಕಳಿಸಿದರು, ಅಷ್ಟೆ. ಅದರಲ್ಲಿ ಸ್ವೀಕೃತಿಯ ಸಾಲುಗಳು ಎರಡೇ: ಒಂದು ನಮ್ಮ ಸರ್ವರ್‌ನದು, ಇನ್ನೊಂದು ಮೂರನೆಯ ಕೇಂದ್ರದ್ದು. ನಮ್ಮ ಕಟ್ಟಡದಿಂದ ಹೊರಡುವ ಸಂಪರ್ಕವೇ ಆ ನಾಲ್ಕು ಗಂಟೆ ಕಡಿದಿತ್ತು. ಪತ್ರ ನಮ್ಮಲ್ಲಿಯೇ ಕುಳಿತಿತ್ತು. ಜ್ಞಾಪನವನ್ನು ಹಿಂದಕ್ಕೆ ಪಡೆದೆವು. ಪ್ರಸ್ತಾವಕ್ಕೆ ಮರುಜೀವ ಬರಲಿಲ್ಲ.

ಪತ್ರದ ನಿಜವಾದ ಪಯಣ ತಿಳಿಯಬೇಕಾದರೆ ‘ಮೆಸೇಜ್ ಟ್ರ್ಯಾಕಿಂಗ್’ ಲಾಗ್ ನೋಡಬೇಕು. ಸ್ವೀಕರಿಸಿದ್ದು, ಮುಂದೂಡಿದ್ದು, ಕಳಿಸಿದ್ದು, ವಿಫಲವಾದದ್ದು ಎಲ್ಲವೂ ಅದರಲ್ಲಿ ಪತ್ರವಾರು ದಾಖಲಾಗಿರುತ್ತವೆ. ಅಲ್ಲಿನ ವೇಳೆ ವಿಶ್ವ ಕಾಲಮಾನದಲ್ಲಿರುವುದರಿಂದ ನಮ್ಮ ಗಡಿಯಾರಕ್ಕೆ ಹೊಂದಿಸಲು 5 ಗಂಟೆ 30 ನಿಮಿಷ ಕೂಡಿಸಬೇಕು. ತಲೆಬರಹವನ್ನಾದರೆ ಕೆಳಗಿನಿಂದ ಮೇಲಕ್ಕೆ ಓದಬೇಕು, ಏಕೆಂದರೆ ಪ್ರತಿ ಸರ್ವರ್ ತನ್ನ ಸಾಲನ್ನು ಮೇಲ್ಗಡೆ ಸೇರಿಸುತ್ತದೆ.

ಈಗ ತರಗತಿಯಲ್ಲಿ ಯೋಜನೆಯ ಕಡತ, ಪಯಣದ ಕಡತ ಎರಡನ್ನೂ ಒಟ್ಟಿಗೆ ಕೊಟ್ಟು, ಎಲ್ಲಿ ಹೊಂದುವುದಿಲ್ಲ ಎಂದು ಹುಡುಕಲು ಹೇಳುತ್ತೇನೆ. ಕಳೆದ ಸಲ ಒಬ್ಬ ವಿದ್ಯಾರ್ಥಿನಿ ನಾನು ಗಮನಿಸದಿದ್ದ ಒಂದು ಪತ್ರವನ್ನು ತೋರಿಸಿದಳು. ಅದು ಹೊರಡುವುದಕ್ಕೆ 3 ನಿಮಿಷ ಮೊದಲೇ ತಲಪಿತ್ತು. ಎರಡು ಸರ್ವರ್‌ಗಳ ಗಡಿಯಾರಗಳ ಅಂತರವನ್ನು ಈ ಪತ್ರಗಳಿಂದಲೇ ಅಳೆಯಲು ಸಾಧ್ಯವೇ ಎಂದು ಕೇಳಿದ್ದಾಳೆ. ಎರಡೂ ದಿಕ್ಕಿನ ಪತ್ರಗಳು ಬೇಕಾಗುತ್ತವೆ ಎಂದಷ್ಟೇ ಹೇಳಿದ್ದೇನೆ.